ಸೋರಿಯಾಸಿಸ್‌ಗೆ ಮನೆ ಆರೈಕೆ: ಯಾವ ಮುಲಾಮು ಹಚ್ಚಬಹುದು, ಯಾವುದನ್ನು ಮುಟ್ಟಬಾರದು

ಕಾಫಿ ಕೊಯ್ಲು ಬಿರುಸಾಗುವ ಡಿಸೆಂಬರ್ ಹೊತ್ತಿಗೆ ಚಿಕ್ಕಮಗಳೂರು ಸೀಮೆಯ ಗಾಳಿ ಒಣಗುತ್ತದೆ. ಎಲ್ಲರ ಕೈಕಾಲೂ ಆಗ ಬಿರಿಯುತ್ತವೆ. ಸೋರಿಯಾಸಿಸ್ ಇದ್ದವರಿಗೆ ಮಾತ್ರ ಮೊಣಕೈ, ಮೊಣಕಾಲು, ಸೊಂಟ, ನೆತ್ತಿಯ ಮೇಲಿನ ಪಟ್ಟೆಗಳು ದಪ್ಪವಾಗಿ, ಬೆಳ್ಳಗಿನ ಹೊಟ್ಟು ಉದುರಲು ಶುರುವಾಗುತ್ತದೆ. ಬಹಳ ಜನ ಆಗ ಹತ್ತಿರದ ಮೆಡಿಕಲ್ ಸ್ಟೋರಿಗೆ ಹೋಗಿ ‘ತುರಿಕೆಗೆ ಒಂದು ಟ್ಯೂಬು ಕೊಡಿ’ ಎನ್ನುತ್ತಾರೆ. ಕೊಟ್ಟ ಟ್ಯೂಬಿನಲ್ಲಿ ಏನಿದೆ ಎಂದು ಓದಿ ನೋಡುವವರು ಕಡಿಮೆ. ಮುಂದಿನ ಹಲವು ತಿಂಗಳ ನೆಮ್ಮದಿಯೋ ಸಂಕಟವೋ ಅಲ್ಲೇ ತೀರ್ಮಾನವಾಗುತ್ತದೆ.

ಒಂದು ಮಾತನ್ನು ಎಲ್ಲಕ್ಕಿಂತ ಮೊದಲು ಹೇಳಿಬಿಡಬೇಕು. ಸೋರಿಯಾಸಿಸ್ ಅಂಟುವ ಕಾಯಿಲೆ ಅಲ್ಲ. ಒಂದೇ ತಟ್ಟೆಯಲ್ಲಿ ಉಂಡರೂ, ಒಂದೇ ಹಾಸಿಗೆಯಲ್ಲಿ ಮಲಗಿದರೂ, ಒಂದೇ ಟವೆಲ್ ಬಳಸಿದರೂ ಬರುವುದಿಲ್ಲ. ಕುಷ್ಠಕ್ಕೂ ಇದಕ್ಕೂ ಸಂಬಂಧವಿಲ್ಲ. ಮದುವೆ ಮನೆಯಲ್ಲಿ ಪಂಕ್ತಿಯ ಕೊನೆಗೆ ಸರಿದು ಕೂರುವ, ಸೆಕೆಗಾಲದಲ್ಲೂ ತುಂಬುತೋಳು ಹಾಕಿಕೊಳ್ಳುವ ಜನ ನಮ್ಮ ನಡುವೆ ಇದ್ದಾರೆ. ಅವರನ್ನು ಆ ಸ್ಥಿತಿಗೆ ತಂದಿರುವುದು ಕಾಯಿಲೆಗಿಂತ ಹೆಚ್ಚಾಗಿ ಸುತ್ತಲಿನವರ ತಪ್ಪು ತಿಳಿವಳಿಕೆ. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸಭೆ ಇದನ್ನು ದೀರ್ಘಕಾಲದ, ಸೋಂಕಲ್ಲದ ರೋಗವೆಂದು ಗುರುತಿಸಿ ನಿರ್ಣಯ ಮಾಡಿತು. ಅದರಲ್ಲಿ ಈ ಕಳಂಕದ ಪ್ರಸ್ತಾಪವೂ ಇದೆ.

ಆಗುವುದೇನೆಂದರೆ, ಮೈಯ ರೋಗನಿರೋಧಕ ವ್ಯವಸ್ಥೆ ಕಾರಣವಿಲ್ಲದೆ ಚರ್ಮವನ್ನು ಕೆಣಕುತ್ತದೆ. ಆರೋಗ್ಯವಂತರ ಚರ್ಮದ ಮೇಲ್ಪದರ ಹೊಸದಾಗಲು ಸುಮಾರು ಒಂದು ತಿಂಗಳು ಬೇಕು. ಪಟ್ಟೆ ಎದ್ದಿರುವ ಕಡೆ ಅದೇ ಕೆಲಸ ಕೆಲವೇ ದಿನಗಳಲ್ಲಿ ಮುಗಿದು, ಬಲಿಯದ ಕೋಶಗಳು ಒಂದರ ಮೇಲೊಂದು ಪೇರಿಕೊಳ್ಳುತ್ತವೆ. ಇದನ್ನು ಬೇರುಸಮೇತ ತೆಗೆಯುವ ಔಷಧ ಈವರೆಗೆ ಇಲ್ಲ. ‘ಒಂದೇ ತಿಂಗಳಲ್ಲಿ ಶಾಶ್ವತ ಪರಿಹಾರ’ ಎಂಬ ಗೋಡೆ ಬರಹವನ್ನು ನಂಬಬೇಡಿ. ಆದರೆ ಹತೋಟಿ ಖಂಡಿತ ಸಾಧ್ಯ. ಕೆಲವೇ ಪಟ್ಟೆಗಳಿರುವವರು ಅದರ ದೊಡ್ಡ ಪಾಲನ್ನು ಮನೆಯಲ್ಲೇ ಮಾಡಿಕೊಳ್ಳಬಹುದು.

ಮೊದಲು ಕಾಯಿಲೆ ಯಾವುದೆಂದು ತಿಳಿಯಿರಿ

ಮುಲಾಮು ಕೊಳ್ಳುವ ಮುಂಚೆ ಒಮ್ಮೆಯಾದರೂ ಚರ್ಮದ ವೈದ್ಯರಿಗೆ ತೋರಿಸಿ, ಇದು ಸೋರಿಯಾಸಿಸ್ ಹೌದೇ ಎಂದು ಖಾತ್ರಿ ಮಾಡಿಕೊಳ್ಳಿ. ಹುಳುಕಡ್ಡಿ, ಇಸುಬು, ಸೋರಿಯಾಸಿಸ್ ಮೂರೂ ತುರಿಸುತ್ತವೆ, ಮೂರರಲ್ಲೂ ಸಿಪ್ಪೆ ಏಳುತ್ತದೆ. ಹುಳುಕಡ್ಡಿ ಸಾಮಾನ್ಯವಾಗಿ ಉಂಗುರದಂತೆ ಹರಡುತ್ತದೆ. ಅಂಚು ಕೆರಳಿದ್ದು, ನಡುಭಾಗ ತಿಳಿಯಾಗಿರುತ್ತದೆ. ಸೋರಿಯಾಸಿಸ್ ಪಟ್ಟೆ ಇಡೀ ಒಂದೇ ದಪ್ಪ, ಅಂಚು ಸ್ಪಷ್ಟ. ಚಿತ್ರಗಳಲ್ಲಿ ಇದನ್ನು ಹೆಚ್ಚಾಗಿ ಕೆಂಪು ಬಣ್ಣದಲ್ಲಿ ತೋರಿಸುತ್ತಾರೆ. ನಮ್ಮ ಗೋಧಿ ಬಣ್ಣದ, ಕಪ್ಪು ಬಣ್ಣದ ಮೈಮೇಲೆ ಅದು ನೇರಳೆಯಾಗಿಯೋ, ಕಂದಾಗಿಯೋ, ಬೂದಿ ಬಣ್ಣವಾಗಿಯೋ ಕಾಣಬಹುದು. ಉಗುರಿನ ಮೇಲೆ ಸೂಜಿ ಚುಚ್ಚಿದಂಥ ಸಣ್ಣ ಸಣ್ಣ ಗುಳಿಗಳಿದ್ದರೆ ಅದೂ ಒಂದು ಸುಳಿವು.

ಅನುಮಾನ ಉಳಿದರೆ ವೈದ್ಯರು ಸ್ವಲ್ಪ ಸಿಪ್ಪೆ ಕೆರೆದು ಸೂಕ್ಷ್ಮದರ್ಶಕದಲ್ಲಿ ಶಿಲೀಂಧ್ರ ಇದೆಯೇ ಎಂದು ನೋಡುತ್ತಾರೆ. ಹಾಸನದ ಹಿಮ್ಸ್‌ನಂಥ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಚರ್ಮರೋಗ ವಿಭಾಗವಿರುತ್ತದೆ. ಸಕಲೇಶಪುರ, ಆಲೂರು, ಬೇಲೂರಿನವರು ಒಂದು ದಿನದ ಕೆಲಸ ಬಿಟ್ಟು ಹೋದರೂ ನಷ್ಟವಿಲ್ಲ.

ಸ್ನಾನ

ಮಲೆನಾಡಿನ ಬಚ್ಚಲೊಲೆಯ ಹಂಡೆ ನೀರು, ಮೈ ಕೆಂಪಾಗುವಷ್ಟು ಬಿಸಿಯ ಸ್ನಾನ ನಮಗೆಲ್ಲ ಇಷ್ಟ. ಈ ಚರ್ಮಕ್ಕೆ ಅದು ಆಗದು. ಸುಡುನೀರು ಇದ್ದಬದ್ದ ಜಿಡ್ಡನ್ನೆಲ್ಲ ತೊಳೆದುಹಾಕಿ ಚರ್ಮವನ್ನು ಇನ್ನಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ನೀರು, ಐದರಿಂದ ಹತ್ತು ನಿಮಿಷ, ಸುವಾಸನೆಯಿಲ್ಲದ ಮೆದು ಸೋಪು ಸಾಕು. ಪಟ್ಟೆಯನ್ನು ಕಲ್ಲಿನಿಂದಲೋ, ನಾರಿನಿಂದಲೋ, ಪ್ಲಾಸ್ಟಿಕ್ ಜಾಲರಿಯಿಂದಲೋ ಉಜ್ಜಿ ಹೊಟ್ಟು ತೆಗೆಯುವ ಚಪಲ ಬೇಡವೇ ಬೇಡ. ಗೀರು, ತರಚು ಬಿದ್ದ ಕಡೆಯೇ ಹೊಸ ಪಟ್ಟೆ ಏಳುವುದು ಈ ರೋಗದ ಗುಣ. ಗಾಯವಾಗಿ ಒಂದೆರಡು ವಾರದಲ್ಲಿ ಅದು ಕಾಣಿಸಿಕೊಳ್ಳಬಹುದು. ಕಾಫಿ ಗಿಡದ ನಡುವೆ ನುಗ್ಗಿ ಹಣ್ಣು ಕುಯ್ಯುವವರು, ಮೆಣಸಿನ ಬಳ್ಳಿಗೆ ಏಣಿ ಹಾಕುವವರು ತುಂಬುತೋಳಿನ ಹತ್ತಿ ಅಂಗಿ ಹಾಕಿಕೊಳ್ಳಬೇಕಾದ್ದು ಇದಕ್ಕೇ. ಒರಟು ಕಂಬಳಿ ಹೊದೆಯುವುದಾದರೆ ಒಳಗೊಂದು ಹತ್ತಿ ಬಟ್ಟೆ ಇರಲಿ.

ಜಿಡ್ಡು: ಮುಖ್ಯ ಚಿಕಿತ್ಸೆ ಇದೇ

ಚೀಟಿಯಿಲ್ಲದೆ ಸಿಗುವುದರಲ್ಲಿ ಒಂದನ್ನೇ ಆರಿಸಿಕೊಳ್ಳಿ ಎಂದರೆ ನಾನು ವಾಸನೆಯಿಲ್ಲದ ಬಿಳಿ ಪೆಟ್ರೋಲಿಯಂ ಜೆಲ್ಲಿಯನ್ನು ಹೇಳುತ್ತೇನೆ. ಅಗ್ಗ, ಹಳ್ಳಿಯ ಅಂಗಡಿಯಲ್ಲೂ ಸಿಗುತ್ತದೆ, ಉರಿಯುವುದಿಲ್ಲ, ಮಕ್ಕಳಿಗೂ ಬಸುರಿಯರಿಗೂ ಹಚ್ಚಬಹುದು. ಬರೀ ಜಿಡ್ಡಿನಿಂದ ಏನಾದೀತು ಎಂದು ಜನ ಅಸಡ್ಡೆ ಮಾಡುತ್ತಾರೆ. ಜಿಡ್ಡು ನೀರನ್ನು ಚರ್ಮದಲ್ಲೇ ಹಿಡಿದಿಡುತ್ತದೆ. ಹೊಟ್ಟು ಮೆತ್ತಗಾಗುತ್ತದೆ, ಬಿರುಕು ಕೂಡುತ್ತದೆ, ತುರಿಕೆ ತಗ್ಗುತ್ತದೆ, ಮೇಲೆ ಹಚ್ಚುವ ಬೇರೆ ಔಷಧವೂ ಒಳಗಿಳಿಯುತ್ತದೆ. ವೈದ್ಯರು ಎಷ್ಟೇ ದೊಡ್ಡ ಔಷಧ ಬರೆದರೂ ಇದನ್ನು ಬಿಡಿಸುವುದಿಲ್ಲ.

ಹಚ್ಚುವ ಕ್ರಮ ಮುಖ್ಯ. ಸ್ನಾನವಾದ ಮೇಲೆ ಮೈಯನ್ನು ಉಜ್ಜದೆ ಟವೆಲಿನಿಂದ ಒತ್ತಿ ಒರೆಸಿ. ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ, ಎರಡು ಮೂರು ನಿಮಿಷದೊಳಗೆ ಹಚ್ಚಿ. ತಿಕ್ಕಬೇಡಿ. ಕೂದಲು ಬೆಳೆಯುವ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಸವರಿ, ಇಲ್ಲವಾದರೆ ಕೂದಲ ಬುಡದಲ್ಲಿ ಗುಳ್ಳೆ ಏಳುತ್ತದೆ. ಡಬ್ಬಿಗೆ ಕೈ ಅದ್ದುವ ಬದಲು ತೊಳೆದ ಚಮಚದಲ್ಲಿ ತೆಗೆದುಕೊಳ್ಳಿ. ದಿನಕ್ಕೆ ಎರಡು ಸಲ, ಚಳಿಗಾಲದಲ್ಲಿ ಮೂರು ಸಲವಾದರೂ ಬೇಕು. ಇಡೀ ಮೈಗೆ ಹಚ್ಚಬೇಕಾದ ದೊಡ್ಡವರಿಗೆ ವಾರಕ್ಕೆ 250ರಿಂದ 500 ಗ್ರಾಂ ಹಿಡಿಯುತ್ತದೆ ಎಂಬುದು ಚರ್ಮವೈದ್ಯರ ಲೆಕ್ಕ. ಬೆರಳ ತುದಿಯಲ್ಲಿ ಚೂರು ತೆಗೆದು ಸವರಿ ‘ಏನೂ ಉಪಯೋಗವಿಲ್ಲ’ ಎನ್ನುವವರು ಈ ಪ್ರಮಾಣವನ್ನು ಗಮನಿಸಬೇಕು. ಪಟ್ಟೆ ಮಾಯವಾದ ಮೇಲೂ ಇದನ್ನು ನಿಲ್ಲಿಸಬೇಡಿ.

ಹಗಲು ಕೆಲಸಕ್ಕೆ ಅಂಟಂಟು ಎನಿಸಿದರೆ ಗ್ಲಿಸರಿನ್ ಅಥವಾ ಶೇ 10ರ ಯೂರಿಯಾ ಇರುವ ಕ್ರೀಮು ಹಚ್ಚಿ, ರಾತ್ರಿಗೆ ಜೆಲ್ಲಿ ಇಟ್ಟುಕೊಳ್ಳಿ. ಬಿರಿದು ರಕ್ತ ಬರುವ ಜಾಗಕ್ಕೆ ಯೂರಿಯಾ ಉರಿಯುತ್ತದೆ. ಅಲ್ಲಿ ಜೆಲ್ಲಿಯೇ ಸರಿ. ಅರಸೀಕೆರೆ ಕಡೆಯವರ ಮನೆಯಲ್ಲಿ ಹೇಗೂ ಇರುವ ಕೊಬ್ಬರಿ ಎಣ್ಣೆಯೂ ತೆಳು ಪಟ್ಟೆಗೆ ಒಳ್ಳೆಯದೇ. ದಪ್ಪ ಪಟ್ಟೆಗೆ ಅದೊಂದೇ ಸಾಲದು.

ಒಲೆಯ ಮುಂದೆ ಕೂತು ಚಳಿ ಕಾಯಿಸುವವರಿಗೆ ಒಂದು ಗಂಭೀರ ಎಚ್ಚರಿಕೆ. ಪೆಟ್ರೋಲಿಯಂ ಜೆಲ್ಲಿ, ಪ್ಯಾರಫಿನ್, ಎಣ್ಣೆ ಹೀರಿದ ಬಟ್ಟೆ ಮತ್ತು ಹೊದಿಕೆಗೆ ಕಿಡಿ ತಾಗಿದರೆ ಬಹಳ ಬೇಗ ಹೊತ್ತಿಕೊಳ್ಳುತ್ತದೆ. ಒಗೆದರೂ ಆ ಅಂಶ ಪೂರ್ತಿ ಹೋಗುವುದಿಲ್ಲ. ಮುಲಾಮು ಹಚ್ಚಿದ ಬಟ್ಟೆಯಲ್ಲಿ ಬಚ್ಚಲೊಲೆಗೆ ಸೌದೆ ಒಟ್ಟಬೇಡಿ, ಹಾಸಿಗೆಯಲ್ಲಿ ಬೀಡಿ ಹಚ್ಚಬೇಡಿ.

ದಪ್ಪ ಹೊಟ್ಟು ಇಳಿಸಲು

ಒಂದೆರಡು ವಾರ ಜಿಡ್ಡು ಹಚ್ಚಿದ ಮೇಲೂ ಹೊಟ್ಟು ಹಲಗೆಗಟ್ಟಿಯೇ ಇದ್ದರೆ ಸ್ಯಾಲಿಸಿಲಿಕ್ ಆಸಿಡ್ ಮುಲಾಮು ಬಳಸಬಹುದು. ಶೇ 3ರಿಂದ ಶುರುಮಾಡಿ, ತಡೆದುಕೊಂಡರೆ ಶೇ 6. ರಾತ್ರಿ ಪಟ್ಟೆಯ ಮೇಲಷ್ಟೇ ತೆಳ್ಳಗೆ ಹಚ್ಚಿ, ಸುತ್ತಲಿನ ಒಳ್ಳೆಯ ಚರ್ಮಕ್ಕೆ ಜೆಲ್ಲಿಯ ಗೆರೆ ಎಳೆದು ಕಾಪಾಡಿಕೊಳ್ಳಿ. ಇದು ಹೊಟ್ಟನ್ನು ಬಿಡಿಸುತ್ತದೆ, ಒಳಗಿನ ಉರಿಯೂತವನ್ನು ಇಳಿಸುವುದಿಲ್ಲ.

ಮುಖ, ತೊಡೆಸಂದು, ಒಡೆದ ಚರ್ಮಕ್ಕೆ ಬೇಡ. ಮಕ್ಕಳು, ಬಸುರಿಯರು, ಮೂತ್ರಪಿಂಡದ ತೊಂದರೆ ಇರುವವರು, ಆಸ್ಪಿರಿನ್ ಒಗ್ಗದವರು ವೈದ್ಯರನ್ನು ಕೇಳದೆ ಹಚ್ಚಬಾರದು. ದೊಡ್ಡ ಜಾಗಕ್ಕೆ ಹಚ್ಚಿದರೆ ಇದು ರಕ್ತಕ್ಕೆ ಸೇರುತ್ತದೆ. ನಿಮ್ಮ ಅಂಗೈ ಬೆರಳುಗಳೂ ಸೇರಿ ಮೈಯ ಶೇ 1ರಷ್ಟು ಎಂದು ಲೆಕ್ಕ. ಮೂರು ನಾಲ್ಕು ಅಂಗೈಯಷ್ಟು ಜಾಗಕ್ಕಿಂತ ಹೆಚ್ಚು ಪಟ್ಟೆ ಇದ್ದರೆ ಸ್ವಂತ ಚಿಕಿತ್ಸೆ ಬಿಟ್ಟು ಆಸ್ಪತ್ರೆಗೆ ಹೋಗಿ. ವೈದ್ಯರು ಕ್ಯಾಲ್ಸಿಪೋಟ್ರಿಯಾಲ್ (ವಿಟಮಿನ್ ಡಿ ಬಗೆಯ ಸೋರಿಯಾಸಿಸ್ ಮುಲಾಮು) ಬರೆದಿದ್ದರೆ ಅದರ ಜೊತೆ ಈ ಆಸಿಡ್ ಬೆರೆಸಬೇಡಿ, ಆ ಔಷಧ ಕೆಲಸಕ್ಕೆ ಬಾರದಾಗುತ್ತದೆ.

ಕೋಲ್ ಟಾರ್

ಕಲ್ಲಿದ್ದಲಿನಿಂದ ತೆಗೆದ ಈ ಕಪ್ಪು ದ್ರವ ಬಹಳ ಹಳೆಯ ಔಷಧ. 1925ರಲ್ಲೇ ಅಮೆರಿಕದ ಮೇಯೋ ಕ್ಲಿನಿಕ್‌ನ ಗೋಕರ್ಮನ್ ಎಂಬ ವೈದ್ಯರು ಟಾರ್ ಹಚ್ಚಿ, ಮೇಲೆ ನೇರಳಾತೀತ ಬೆಳಕು ಹಾಯಿಸುವ ಚಿಕಿತ್ಸೆಯನ್ನು ಪ್ರಕಟಿಸಿದರು. ಕೋಶಗಳು ಅವಸರದಲ್ಲಿ ಬೆಳೆಯುವುದನ್ನು ಟಾರ್ ನಿಧಾನಿಸುತ್ತದೆ, ತುರಿಕೆಯನ್ನೂ ತಗ್ಗಿಸುತ್ತದೆ. ವಾಸನೆ ಘಾಟು, ಬಟ್ಟೆಗೆ ಕಲೆ ಹಿಡಿಯುತ್ತದೆ. ಹಳೇ ಬಟ್ಟೆ ಉಟ್ಟು ರಾತ್ರಿ ಹಚ್ಚಿಕೊಂಡು ಬೆಳಿಗ್ಗೆ ತೊಳೆಯುವುದೇ ಅನುಕೂಲ. ಮೊದಲು ಮುಂಗೈ ಒಳಭಾಗದಲ್ಲಿ ಚೂರು ಹಚ್ಚಿ ಒಂದು ದಿನ ನೋಡಿ. ಹಚ್ಚಿದ ಮೇಲೆ 24 ಗಂಟೆಯವರೆಗೂ ಆ ಜಾಗ ಬಿಸಿಲಿಗೆ ಸುಲಭವಾಗಿ ಸುಡುತ್ತದೆ. ಕಾಫಿ ಕಣದಲ್ಲಿ ಬಿಸಿಲಿಗೆ ನಿಲ್ಲುವವರು ಮುಚ್ಚಿಕೊಳ್ಳಬೇಕು. ಸಂದುಗಳಿಗೆ, ಕೀವುಗುಳ್ಳೆಗೆ, ಗಾಯಕ್ಕೆ ಟಾರ್ ಬೇಡ. ಬಸುರಿಯರಿಗೂ ಬೇಡ. ನಮ್ಮಲ್ಲಿ ಸಿಗುವ ಹಲವು ಟಾರ್ ಲೋಷನ್, ಶಾಂಪೂಗಳಲ್ಲಿ ಸ್ಯಾಲಿಸಿಲಿಕ್ ಆಸಿಡ್ ಕೂಡ ಸೇರಿರುತ್ತದೆ. ಹಾಗಿದ್ದರೆ ಮತ್ತೊಂದು ಆಸಿಡ್ ಮುಲಾಮು ಹಚ್ಚಬೇಕಿಲ್ಲ.

ನೆತ್ತಿ

ತಲೆಹೊಟ್ಟೆಂದು ವರ್ಷಗಟ್ಟಲೆ ಶಾಂಪೂ ಬದಲಿಸುವವರಲ್ಲಿ ಕೆಲವರಿಗೆ ಇರುವುದು ಸೋರಿಯಾಸಿಸ್. ಹೊಟ್ಟು ದಪ್ಪವಿದ್ದು, ಹಣೆಯ ಅಂಚು, ಕಿವಿಯ ಹಿಂಭಾಗ ದಾಟಿ ಬರುತ್ತಿದ್ದರೆ ತೋರಿಸಿ. ರಾತ್ರಿ ಉಗುರುಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಬೈತಲೆ ಬೈತಲೆ ತೆಗೆದು ನೆತ್ತಿಗೇ ಹಚ್ಚಿ, ಹಳೇ ಬಟ್ಟೆ ಕಟ್ಟಿ ಮಲಗಿ. ಬೆಳಿಗ್ಗೆ ಮೆತ್ತಗಾದ ಹೊಟ್ಟನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ನಯವಾಗಿ ಸಡಿಲಿಸಿ, ಟಾರ್ ಶಾಂಪೂ ಹಾಕಿ ಐದು ಹತ್ತು ನಿಮಿಷ ಬಿಟ್ಟು ತೊಳೆಯಿರಿ. ವಾರಕ್ಕೆ ಎರಡು ಸಲ ಸಾಕು. ಕೂದಲು ಉದುರಿದರೆ ಹೆದರಬೇಡಿ, ಪಟ್ಟೆ ತಗ್ಗಿದ ಮೇಲೆ ಸಾಮಾನ್ಯವಾಗಿ ಮತ್ತೆ ಬರುತ್ತದೆ.

ಮುಟ್ಟಬಾರದ ಟ್ಯೂಬು

ಇಲ್ಲಿಯೇ ಹೆಚ್ಚು ಜನ ಎಡವುವುದು. ಕೌಂಟರಿನ ಮೇಲೆ ಕೇಳಿದ ಕೂಡಲೇ ಸಿಗುವ ತುರಿಕೆ ಕ್ರೀಮುಗಳಲ್ಲಿ ಅನೇಕವು ಸ್ಟೆರಾಯ್ಡ್, ಅಂದರೆ ಉರಿಯೂತವನ್ನು ಬೇಗ ಅಡಗಿಸುವ ಔಷಧ. ಕೆಲವದರಲ್ಲಿ ಸ್ಟೆರಾಯ್ಡ್, ಶಿಲೀಂಧ್ರದ ಔಷಧ, ಆ್ಯಂಟಿಬಯಾಟಿಕ್ ಮೂರನ್ನೂ ಕಲಸಿರುತ್ತಾರೆ. ‘ಸ್ಯಾಲಿಸಿಲಿಕ್ ಆಸಿಡ್’ ಎಂದು ಕೊಟ್ಟ ಟ್ಯೂಬಿನಲ್ಲೂ ಜೊತೆಗೆ ಸ್ಟೆರಾಯ್ಡ್ ಇರಬಹುದು. ಸಣ್ಣ ಅಕ್ಷರ ಓದಿ: ಕ್ಲೋಬೆಟಸಾಲ್, ಹ್ಯಾಲೋಬೆಟಸಾಲ್, ಬೀಟಾಮೆಥಾಸೋನ್, ಮೊಮೆಟಾಸೋನ್, ಬೆಕ್ಲೊಮೆಥಾಸೋನ್, ಫ್ಲೂಸಿನೋಲೋನ್ ಎಂದಿದ್ದರೆ ಅದು ಸ್ಟೆರಾಯ್ಡ್. ಓದಲು ಬಾರದಿದ್ದರೆ ಶಾಲೆಗೆ ಹೋಗುವ ಮಗುವಿನಿಂದಲಾದರೂ ಓದಿಸಿ. ಆರ್‌ಎಕ್ಸ್ (Rx) ಗುರುತಿದ್ದರೆ ಅದನ್ನು ಚೀಟಿಯ ಮೇಲೆ ಮಾತ್ರ ಮಾರಬೇಕು. 2018ರಲ್ಲಿ ಕೇಂದ್ರ ಸರ್ಕಾರ ಇಂಥ 14 ಸ್ಟೆರಾಯ್ಡ್ ಮುಲಾಮುಗಳನ್ನು ಚೀಟಿಯ ಪಟ್ಟಿಗೆ ಸೇರಿಸಿತು.

ಸ್ಟೆರಾಯ್ಡ್ ಕೆಟ್ಟ ಔಷಧವೆಂದು ನಾನು ಹೇಳುತ್ತಿಲ್ಲ. ಸೋರಿಯಾಸಿಸ್‌ಗೆ ವೈದ್ಯರೇ ಅದನ್ನು ಬರೆಯುತ್ತಾರೆ, ಯಾವ ಜಾಗಕ್ಕೆ, ಎಷ್ಟು ದಿನ, ಹೇಗೆ ಕಡಿಮೆ ಮಾಡಬೇಕು ಎಂದೂ ಹೇಳುತ್ತಾರೆ. ಆ ಲೆಕ್ಕವಿಲ್ಲದೆ ಹಚ್ಚಿದರೆ ಮೂರೇ ದಿನದಲ್ಲಿ ಪಟ್ಟೆ ಇಳಿದು ಮಂತ್ರ ಹಾಕಿದಂತೆ ಕಾಣುತ್ತದೆ. ತಿಂಗಳಾನುಗಟ್ಟಲೆ ಮುಂದುವರಿಸಿದರೆ ಚರ್ಮ ತೆಳುವಾಗಿ ಬರೆ ಬೀಳುತ್ತದೆ. ತಟ್ಟನೆ ಬಿಟ್ಟರೆ ಕಾಯಿಲೆ ಮೊದಲಿಗಿಂತ ಜೋರಾಗಿ ಮರಳುತ್ತದೆ, ಕೆಲವರಿಗೆ ಮೈತುಂಬ ಕೀವುಗುಳ್ಳೆಯೂ ಏಳುತ್ತದೆ. ಇದ್ದದ್ದು ಹುಳುಕಡ್ಡಿಯಾಗಿದ್ದರೆ ಅದು ಸ್ಟೆರಾಯ್ಡ್ ಅಡಿಯಲ್ಲಿ ಹಬ್ಬುತ್ತಲೇ ಹೋಗುತ್ತದೆ. ಸ್ಟೆರಾಯ್ಡ್ ಮಾತ್ರೆ, ಇಂಜೆಕ್ಷನ್ ಇನ್ನೂ ಅಪಾಯ. ಹೆಸರು, ಪಟ್ಟಿ ಇಲ್ಲದ ನಾಟಿ ಪುಡಿ ಮತ್ತು ಎಣ್ಣೆಗಳಲ್ಲಿ ಸ್ಟೆರಾಯ್ಡ್ ಅಥವಾ ಭಾರಲೋಹ ಬೆರೆಸಿದ ಪ್ರಕರಣಗಳೂ ಇವೆ. ಬೆಳ್ಳುಳ್ಳಿ ಅರೆದು ಕಟ್ಟುವುದು, ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುವುದು ಚರ್ಮವನ್ನೇ ಸುಡುತ್ತದೆ. ಈಗಾಗಲೇ ಬಹುಕಾಲದಿಂದ ಸ್ಟೆರಾಯ್ಡ್ ಹಚ್ಚುತ್ತಿದ್ದೀರಾ? ಇದನ್ನು ಓದಿ ಇವತ್ತೇ ನಿಲ್ಲಿಸಬೇಡಿ, ವೈದ್ಯರ ಬಳಿ ಹೋಗಿ ನಿಧಾನವಾಗಿ ಬಿಡಿ.

ಮಳೆಗಾಲ

ಜೂನ್‌ನಿಂದ ತೊಡೆಸಂದು, ಕಂಕುಳು, ಸ್ತನದ ಕೆಳಗೆ ಪಟ್ಟೆ ಕಾಣಿಸಿದರೆ ಹೊಟ್ಟಿಲ್ಲದೆ ನುಣ್ಣಗಿರುತ್ತದೆ. ಶಿಲೀಂಧ್ರವೂ ಇದೇ ಜಾಗ ಹುಡುಕುತ್ತದೆ. ಒದ್ದೆ ಬಟ್ಟೆ ಬೇಗ ಬದಲಿಸಿ, ಒಣಗಿಸಿ, ತೋರಿಸಿ.

ಯಾವಾಗ ತಡಮಾಡಬಾರದು

ಮೈಯ ಬಹುಭಾಗ ಕೆಂಪಾಗಿ ಸುಡತೊಡಗಿದರೆ, ಕೀವುಗುಳ್ಳೆಯೊಂದಿಗೆ ಜ್ವರ, ಚಳಿ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬೆಳಿಗ್ಗೆ ಎದ್ದಾಗ ಬೆರಳು, ಹಿಮ್ಮಡಿ, ಸೊಂಟ ಅರ್ಧಗಂಟೆಗೂ ಹೆಚ್ಚು ಹೊತ್ತು ಹಿಡಿದುಕೊಳ್ಳುತ್ತಿದ್ದರೆ, ಒಂದು ಬೆರಳು ಇಡಿಯಾಗಿ ಊದಿದ್ದರೆ ಕೀಲಿಗೂ ಕಾಯಿಲೆ ಇಳಿದಿರಬಹುದು. ‘ತೋಟದ ಕೆಲಸಕ್ಕೆ ಕೈನೋವು ಸಹಜ’ ಎಂದು ಮುಂದೂಡಿದರೆ ಕೀಲು ಶಾಶ್ವತವಾಗಿ ಹಾಳಾಗಬಹುದು. ಮಕ್ಕಳಿಗೆ ಗಂಟಲುನೋವಿನ ನಂತರ ಮೈತುಂಬ ಸಣ್ಣ ಸಣ್ಣ ಚುಕ್ಕೆ ಎದ್ದರೂ ತೋರಿಸಿ. ಮೇಲೆ ಹೇಳಿದ್ದನ್ನೆಲ್ಲ ನಾಲ್ಕು ವಾರ ಸರಿಯಾಗಿ ಮಾಡಿಯೂ ಗುಣ ಕಾಣದಿದ್ದರೆ ಕಾಯುತ್ತ ಕೂರಬೇಡಿ, ಬೆಳಕಿನ ಚಿಕಿತ್ಸೆ, ಮಾತ್ರೆ, ಚುಚ್ಚುಮದ್ದು ಹೀಗೆ ಮುಂದಿನ ದಾರಿಗಳಿವೆ.

ಹೋಗುವಾಗ ಈವರೆಗೆ ಹಚ್ಚಿದ ಎಲ್ಲ ಟ್ಯೂಬುಗಳನ್ನೂ, ಖಾಲಿಯಾದವನ್ನೂ, ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ. ಬಿ.ಪಿ., ಹೃದಯ, ಮಾನಸಿಕ ತೊಂದರೆಗೆ ನುಂಗುವ ಮಾತ್ರೆಗಳ ಹಾಳೆಯೂ ಜೊತೆಗಿರಲಿ. ಬಿ.ಪಿ., ಹೃದಯಕ್ಕೆ ಕೊಡುವ ಬೀಟಾ ಬ್ಲಾಕರ್, ಮಾನಸಿಕ ತೊಂದರೆಗೆ ಕೊಡುವ ಲಿಥಿಯಂ, ಮಲೇರಿಯಾಕ್ಕೆ ಕೊಡುವ ಕ್ಲೋರೋಕ್ವಿನ್ ಸೋರಿಯಾಸಿಸ್ ಅನ್ನು ಕೆರಳಿಸಬಲ್ಲವು. ಅವನ್ನು ನೀವಾಗಿಯೇ ನಿಲ್ಲಿಸಬೇಡಿ, ಬದಲಿಸುವುದು ವೈದ್ಯರಿಗೆ ಬಿಟ್ಟದ್ದು. ಕುಡಿತ, ಬೀಡಿ ಸಿಗರೇಟು ಇದ್ದರೆ ಮುಚ್ಚಿಡದೆ ಹೇಳಿ. ವಾರಕ್ಕೊಮ್ಮೆ ಅದೇ ಜಾಗದ ಫೋಟೊವನ್ನು ಹಗಲು ಬೆಳಕಿನಲ್ಲಿ ಮೊಬೈಲಿನಲ್ಲಿ ತೆಗೆದಿಟ್ಟುಕೊಂಡಿದ್ದರೆ, ಯಾವುದು ಹಚ್ಚಿದಾಗ ಇಳಿಯಿತು, ಯಾವುದು ಬಿಟ್ಟಾಗ ಏರಿತು ಎಂಬುದನ್ನು ಐದೇ ನಿಮಿಷದಲ್ಲಿ ತೋರಿಸಬಹುದು.