ಮೊದಲು ನಕ್ಷೆ, ಆಮೇಲೆ ಯೋಜನೆ: ಜನರೇ ಸೇರಿ ಆರೋಗ್ಯದ ಪ್ಲಾನ್ ಮಾಡುವುದು ಹೇಗೆ?

ಡೆಂಗಿ ಬಂದರೆ ಹೊಗೆ ಹಾಕುತ್ತಾರೆ. ಭೇದಿ ಬಂದರೆ ಮಾತ್ರೆ ಹಂಚುತ್ತಾರೆ. ಅದು ಮುಗಿದ ಮೇಲೆ ಎಲ್ಲರೂ ಸುಮ್ನೆ. ಮುಂದಿನ ವರ್ಷ ಮತ್ತೆ ಅದೇ ಕಥೆ. ಯೋಜನೆ ಬರೆಯುವವರು ಒಂದು ಕಡೆ, ಕಾಯಿಲೆ ಬೀಳುವವರು ಇನ್ನೊಂದು ಕಡೆ ಇದ್ದರೆ ಇನ್ನೇನಾಗುತ್ತದೆ? ಪೈಪು ಎಲ್ಲಿ ಸೋರುತ್ತಿದೆ, ಕತ್ತಲಾದ ಮೇಲೆ ಹೆಂಗಸರು ಯಾವ ದಾರಿ ಬಿಟ್ಟು ಸುತ್ತಿ ಹೋಗುತ್ತಾರೆ, ಯಾವ ಮನೆಯ ಅಜ್ಜ ವಾರಗಟ್ಟಲೆ ಯಾರ ಜೊತೆಗೂ ಮಾತಾಡಿಲ್ಲ, ಇವೆಲ್ಲ ಕಡತದಲ್ಲಿ ಸಿಗುವುದಿಲ್ಲ. ಅಲ್ಲೇ ಬದುಕುವವರಿಗೆ ಮಾತ್ರ ಗೊತ್ತಿರುತ್ತವೆ.

1978ರಲ್ಲಿ ಅಂತರರಾಷ್ಟ್ರೀಯ ಆರೋಗ್ಯ ಸಮ್ಮೇಳನವೊಂದು ಹೊರಡಿಸಿದ ಅಲ್ಮಾ ಅಟಾ ಘೋಷಣೆ ಇದನ್ನು ಸ್ಪಷ್ಟವಾಗಿಯೇ ಹೇಳಿತ್ತು: ತಮ್ಮ ಆರೋಗ್ಯ ಸೇವೆಯ ಯೋಜನೆಯಲ್ಲಿ ಪಾಲ್ಗೊಳ್ಳುವುದು ಜನರ ಹಕ್ಕು, ಜೊತೆಗೆ ಅವರ ಕರ್ತವ್ಯ. ಮಾತು ಸರಿ. ಆದರೆ ನಾಳೆ ಬೆಳಿಗ್ಗೆ ಎಲ್ಲಿಂದ ಶುರು ಮಾಡುವುದು?

ಬಂದವರನ್ನಲ್ಲ, ಬಾರದವರನ್ನು ಎಣಿಸಿ

ಹತ್ತು ಹನ್ನೆರಡು ಜನರ ಒಂದು ಗುಂಪು ಸಾಕು. ಸಾಮಾನ್ಯವಾಗಿ ಏನಾಗುತ್ತದೆ ಎಂದರೆ, ಎಲ್ಲ ಸಭೆಗೂ ಬರುವವರೇ ಇಲ್ಲಿಗೂ ಬರುತ್ತಾರೆ. ಆದ್ದರಿಂದ ಮೊದಲ ಸಭೆಯಲ್ಲಿ ಒಂದೇ ಕೆಲಸ ಮಾಡಿ. ಇಲ್ಲಿ ಯಾರು ಇಲ್ಲ ಎಂದು ಪಟ್ಟಿ ಬರೆಯಿರಿ. ದಿನಗೂಲಿಯವರು, ಬಾಡಿಗೆ ಮನೆಯವರು, ಅಂಗವಿಕಲರು, ಸಣ್ಣ ಮಕ್ಕಳ ತಾಯಂದಿರು, ಹದಿಹರೆಯದವರು. ಅವರು ಬರಲಿ ಎಂದು ಕಾಯಬೇಡಿ. ಅವರಿಗೆ ಬಿಡುವಿರುವ ಹೊತ್ತಿಗೆ, ಅವರಿರುವ ಕಡೆಗೆ ಸಭೆಯನ್ನೇ ಒಯ್ಯಿರಿ.

ಇನ್ನೊಂದು ಎಚ್ಚರಿಕೆ. ಶೆರಿ ಆರ್ನ್‌ಸ್ಟೈನ್ ಎಂಬುವರು 1969ರಲ್ಲಿ ಜನರ ಭಾಗವಹಿಸುವಿಕೆಯನ್ನು ಎಂಟು ಮೆಟ್ಟಿಲ ಏಣಿಗೆ ಹೋಲಿಸಿದರು. ಮೊದಲೇ ಆದ ತೀರ್ಮಾನಕ್ಕೆ ಜನರ ತಲೆ ಆಡಿಸುವುದು ಅದರಲ್ಲಿ ಕೆಳಗಿನ ಮೆಟ್ಟಿಲು. ಸಹಿ ಹಾಕಿಸಿಕೊಂಡು ಫೋಟೊ ತೆಗೆದರೆ ಭಾಗವಹಿಸಿದ ಹಾಗಾಗುವುದಿಲ್ಲ, ಅಲ್ವಾ?

ನಡೆದು ನಕ್ಷೆ ಬರೆಯಿರಿ

ನನ್ನ ಕೇಳಿದರೆ ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಕೊಡಬೇಕಾದದ್ದು ಇದಕ್ಕೇ. ನಾಲ್ಕೈದು ಜನ ಸೇರಿ ಬೀದಿ ಬೀದಿ ನಡೆಯಿರಿ. ಒಮ್ಮೆ ಬೆಳಿಗ್ಗೆ, ಇನ್ನೊಮ್ಮೆ ರಾತ್ರಿ. ದೊಡ್ಡ ಹಾಳೆಯಲ್ಲೋ ನೆಲದ ಮೇಲೋ ಮನೆ, ನೀರು, ಚರಂಡಿ, ಕಸ, ಶೌಚಾಲಯ, ದವಾಖಾನೆ, ದೀಪವಿಲ್ಲದ ತಿರುವು, ಮಕ್ಕಳು ಆಡುವ ಜಾಗ ಎಲ್ಲವನ್ನೂ ಗುರುತಿಸಿ. ಆಮೇಲೆ ಕಳೆದ ಒಂದು ವರ್ಷದಲ್ಲಿ ಜ್ವರ, ಭೇದಿ, ಅಪಘಾತ ಎಲ್ಲೆಲ್ಲಿ ಆಯಿತು ಎಂದು ಚುಕ್ಕಿ ಇಡಿ. ಒಂದು ಮಾತು: ಕ್ಷಯ, ಎಚ್‌ಐವಿ, ಮಾನಸಿಕ ಕಾಯಿಲೆಯಂಥವನ್ನು ಮನೆ ಗುರುತಿಸಿ ಬರೆಯಬೇಡಿ. ಬೀದಿಯ ಲೆಕ್ಕವೂ ಬೇಡ, ಇಡೀ ಪ್ರದೇಶದ ಒಟ್ಟು ಸಂಖ್ಯೆ ಸಾಕು.

ನಕ್ಷೆಯ ಶಕ್ತಿ ಎಂಥದ್ದು ಎನ್ನುವುದಕ್ಕೆ ಹಳೆಯ ಉದಾಹರಣೆ ಲಂಡನ್ನಿನದು. 1854ರಲ್ಲಿ ಸೋಹೊ ಪ್ರದೇಶದಲ್ಲಿ ಕಾಲರಾಕ್ಕೆ ನೂರಾರು ಜನ ಸತ್ತರು. ಸಾವುಗಳು ಬ್ರಾಡ್ ಸ್ಟ್ರೀಟ್‌ನ ಒಂದು ನೀರಿನ ಪಂಪಿನ ಸುತ್ತಲೇ ಮುತ್ತಿಕೊಂಡಿವೆ ಎಂದು ಡಾಕ್ಟರ್ ಜಾನ್ ಸ್ನೋ ತೋರಿಸಿದರು. ಯಾರೂ ಆ ನೀರು ಬಳಸದ ಹಾಗೆ ಪಂಪಿನ ಹಿಡಿ ತೆಗೆಸಿದ ಕಥೆ ಬಹಳ ಜನರಿಗೆ ಗೊತ್ತು. ಆದರೆ ಅದರ ಅರ್ಧ ಭಾಗ ಯಾರೂ ಹೇಳುವುದಿಲ್ಲ. ಆ ಬೀದಿಗಳ ಪಾದ್ರಿ ಹೆನ್ರಿ ವೈಟ್‌ಹೆಡ್ ಮೊದಲು, ಪಂಪಿನ ನೀರಿನಿಂದಲೇ ಕಾಲರಾ ಎಂದು ಸ್ನೋ ಹೇಳಿದ್ದನ್ನು ನಂಬಲೇ ಇಲ್ಲ. ಅದು ತಪ್ಪು ಎಂದು ತೋರಿಸಲೆಂದೇ ಮನೆ ಮನೆ ಹತ್ತಿ ಇಳಿದರು. ಅವರಿಗೆ ಅಲ್ಲಿನ ಜನ ಪರಿಚಯ, ಹಾಗಾಗಿ ಜನ ಬಾಯಿಬಿಟ್ಟು ಮಾತಾಡಿದರು. ಕೊನೆಗೆ 40ನೇ ನಂಬರಿನ ಮನೆಯ ಒಂದು ಮಗುವಿಗೆ ಮೊದಲೇ ಭೇದಿಯಾಗಿತ್ತು ಎಂದು ಪತ್ತೆ ಹಚ್ಚಿದವರು ಅವರೇ. ಮಗುವಿನ ಬಟ್ಟೆ ತೊಳೆದ ನೀರು ಬಿದ್ದ ಮಲಗುಂಡಿ, ಪಂಪಿನ ಬಾವಿಗೆ ತೀರಾ ಹತ್ತಿರದಲ್ಲಿ ಸೋರುತ್ತಿತ್ತು. ಡಾಕ್ಟರರ ಲೆಕ್ಕ, ನೆರೆಯವರ ನೆನಪು ಎರಡೂ ಕೂಡಿದ ಮೇಲೆಯೇ ಚಿತ್ರ ಪೂರ್ತಿಯಾಯಿತು. ನಿಮ್ಮ ಗುಂಪೂ ಆರೋಗ್ಯ ಕೇಂದ್ರದ ಅಂಕಿಅಂಶ ಕೇಳಿ ಪಡೆಯಲಿ. ಅದನ್ನು ನಕ್ಷೆಯ ಪಕ್ಕ ಇಟ್ಟು ನೋಡಲಿ. ಎರಡೂ ಹೊಂದದ ಕಡೆಯೇ ಏನೋ ವಿಷಯ ಅಡಗಿರುತ್ತದೆ.

ಕಲ್ಲು ಹಾಕಿ ಆರಿಸುವುದು

ಈಗ ಕೈಯಲ್ಲಿ ಇಪ್ಪತ್ತು ಸಮಸ್ಯೆ ಇರುತ್ತವೆ. ಎಲ್ಲವನ್ನೂ ಹಿಡಿದರೆ ಯಾವುದೂ ಆಗುವುದಿಲ್ಲ. ಕೈ ಎತ್ತಿಸಿ ಆರಿಸಿದರೆ ಜೋರು ದನಿಯವರು ಗೆಲ್ಲುತ್ತಾರೆ. ಅದಕ್ಕೆ ಪ್ರತಿಯೊಬ್ಬರಿಗೂ ಹತ್ತು ಸಣ್ಣ ಕಲ್ಲು ಕೊಡಿ. ಪ್ರತಿ ಸಮಸ್ಯೆಗೆ ಒಂದು ಮುಚ್ಚಿದ ಡಬ್ಬಿ, ಮೇಲೆ ಒಂದು ಚಿತ್ರ. ಓದು ಬಾರದವರಿಗೂ ಇದು ಸುಲಭ. ಯಾವುದು ಮುಖ್ಯ ಅನ್ನಿಸುತ್ತದೋ ಅದಕ್ಕೆ ಜಾಸ್ತಿ ಕಲ್ಲು. ಗಂಡಸರು, ಹೆಂಗಸರು, ಹುಡುಗ ಹುಡುಗಿಯರು ಬೇರೆ ಬೇರೆ ಹಾಕಲಿ, ಬೇರೆ ಬೇರೆಯೇ ಎಣಿಸಿ. ಗಂಡಸರ ಪಟ್ಟಿಯಲ್ಲಿ ಮೊದಲಿರುವ ರಸ್ತೆ ಹೆಂಗಸರ ಪಟ್ಟಿಯಲ್ಲಿ ಕೊನೆಗಿದ್ದರೆ ಗಾಬರಿ ಬೇಡ. ಯಾಕೆ ಎಂದು ಕೇಳಿ. ಆ ಒಂದು ಜಗಳ ಹತ್ತು ಸಮೀಕ್ಷೆಗೆ ಸಮ.

ಮೇಲೆ ಬಂದ ನಾಲ್ಕೈದನ್ನು ಮೂರು ಪ್ರಶ್ನೆಯಲ್ಲಿ ಜರಡಿ ಹಿಡಿಯಿರಿ. ಎಷ್ಟು ಜನರಿಗೆ ತೊಂದರೆ? ಎಷ್ಟು ಗಂಭೀರ? ನಮ್ಮ ಕೈಲಿ ಆಗುವುದೆಷ್ಟು? ನಾಲ್ಕನೆಯದೂ ಒಂದಿದೆ, ಅದನ್ನೇ ಎಲ್ಲರೂ ಮರೆಯುವುದು: ಇದರಿಂದ ತೀರಾ ಹಿಂದುಳಿದವರಿಗೆ ಏನು ಸಿಗುತ್ತದೆ? ಆರೈಕೆ ಜಾಸ್ತಿ ಬೇಕಾದವರಿಗೇ ಅದು ಕಡಿಮೆ ಸಿಗುತ್ತದೆ ಎಂದು ಬ್ರಿಟನ್ನಿನ ವೈದ್ಯ ಜೂಲಿಯನ್ ಟ್ಯೂಡರ್ ಹಾರ್ಟ್ 1971ರಲ್ಲಿ ಬರೆದರು. ಬರೀ ಕಲ್ಲಿನ ಲೆಕ್ಕ ಹಿಡಿದರೆ ಅಂಚಿನ ಹತ್ತು ಮನೆ ಯಾವತ್ತೂ ಗೆಲ್ಲುವುದಿಲ್ಲ. ಹಾಗಾಗಿ ಯೋಜನೆಯಲ್ಲಿ ಒಂದು ಜಾಗ ಅವರ ಸಮಸ್ಯೆಗೆ ಮೊದಲೇ ಮೀಸಲಿಡಿ.

ಒಂದು ಹಾಳೆಯ ಯೋಜನೆ

ಎರಡು ಸಮಸ್ಯೆ ಸಾಕು, ಮೂರು ದಾಟಬೇಡಿ. ಪ್ರತಿಯೊಂದಕ್ಕೂ ಬರೆಯಿರಿ: ಏನು ಮಾಡುತ್ತೇವೆ, ಯಾರು, ಯಾವ ತಾರೀಖಿನೊಳಗೆ, ಆಯಿತೆಂದು ತಿಳಿಯುವುದು ಹೇಗೆ. ‘ಜಾಗೃತಿ ಮೂಡಿಸುವುದು’ ಎಂದು ಬರೆದರೆ ಹೊಡೆದು ಹಾಕಿ. ‘ವಾರಕ್ಕೊಮ್ಮೆ 60 ಮನೆಯ ನೀರಿನ ಡ್ರಮ್ ಖಾಲಿ ಮಾಡಿ ಉಜ್ಜುವುದು, ಎಷ್ಟರಲ್ಲಿ ಲಾರ್ವಾ ಸಿಕ್ಕಿತು ಎಂದು ಬರೆದಿಡುವುದು’ ಎನ್ನಿ. ಕೆಲಸ ಶುರುವಾಗುವ ಮೊದಲೇ ಒಮ್ಮೆ ಅಳೆಯಿರಿ. ಮೊದಲಿನ ಲೆಕ್ಕ ಇಲ್ಲದಿದ್ದರೆ ಏನು ಬದಲಾಯಿತು ಎಂದು ಹೇಳುವುದು ಹೇಗೆ?

ದುಡ್ಡು, ಅರ್ಜಿ, ಇಲಾಖೆಯ ವಿಷಯದಲ್ಲಿ ಹೇಳುವುದು ಕಡಿಮೆ. ನಮ್ಮಿಂದ ಆಗುವುದು, ಸರ್ಕಾರದಿಂದ ಆಗಬೇಕಾದದ್ದು ಎಂದು ಎರಡು ಭಾಗ ಮಾಡಿ. ಚರಂಡಿ ಕಟ್ಟುವ ಹೊಣೆ ಜನರ ತಲೆಗೆ ಕಟ್ಟುವುದು ಸಮುದಾಯದ ಯೋಜನೆಯಲ್ಲ. ಎರಡನೇ ಭಾಗದ ಅರ್ಜಿಯ ಜೊತೆ ನಕ್ಷೆಯನ್ನೂ ಲಗತ್ತಿಸಿ.

ಲೆಕ್ಕ ವಾಪಸ್ ಕೊಡಿ

ಮೂರು ತಿಂಗಳಿಗೊಮ್ಮೆ ಅಂಕಿಗಳನ್ನು ಅದೇ ಜನರ ಮುಂದೆ ಓದಿ. ಆಗದೇ ಉಳಿದದ್ದನ್ನೂ ಓದಿ. ಎಷ್ಟೋ ಯೋಜನೆಗಳು ಸಾಯುವುದು ಇಲ್ಲೇ, ಜನರಿಂದ ಮಾಹಿತಿ ಪಡೆದು ಮತ್ತೆ ಆ ಕಡೆ ತಿರುಗಿ ನೋಡದೆ.

ತಾಳ್ಮೆಯೂ ಬೇಕು. ಫಿನ್ಲೆಂಡಿನ ಉತ್ತರ ಕರೇಲಿಯಾದಲ್ಲಿ ಹೃದಯಾಘಾತದ ಸಾವು ವಿಪರೀತವಾಗಿತ್ತು. 1971ರಲ್ಲಿ ಅಲ್ಲಿನ ಪ್ರತಿನಿಧಿಗಳೇ ಸರ್ಕಾರಕ್ಕೆ ಮನವಿ ಕೊಟ್ಟರು. 1972ರಲ್ಲಿ ಕೆಲಸ ಶುರುವಾಯಿತು. ಗೃಹಿಣಿಯರ ಸಂಘಗಳು, ಊರಿನ ಸಾಮಾನ್ಯ ಜನ ಎಲ್ಲರೂ ಕೈಜೋಡಿಸಿದರು. ದುಡಿಯುವ ವಯಸ್ಸಿನ ಗಂಡಸರಲ್ಲಿ ಹೃದಯಾಘಾತದ ಸಾವು ಶೇ 80ಕ್ಕೂ ಹೆಚ್ಚು ಇಳಿಯಿತು. ಆದರೆ ಅದಕ್ಕೆ ಹಿಡಿದದ್ದು ಸುಮಾರು ನಾಲ್ಕು ದಶಕ.

ಮೊದಲ ನಕ್ಷೆಯನ್ನು ಬಿಸಾಡಬೇಡಿ. ವರ್ಷ ತುಂಬಿದಾಗ ಅದೇ ಬೀದಿಗಳಲ್ಲಿ ಮತ್ತೆ ನಡೆಯಿರಿ, ಅದೇ ತಿಂಗಳಲ್ಲಿ. ಮಳೆಗಾಲದಲ್ಲಿ ಕಂಡದ್ದನ್ನು ಬೇಸಿಗೆಯಲ್ಲಿ ಕಂಡದ್ದರ ಜೊತೆ ಹೋಲಿಸಿದರೆ ಸೊಳ್ಳೆ ಕಡಿಮೆಯಾದದ್ದು ನಿಮ್ಮಿಂದಲೋ ಬಿಸಿಲಿನಿಂದಲೋ ತಿಳಿಯುವುದಿಲ್ಲ.