ಕೆಲಸ ಕೇಳುವ ಪುಟ್ಟ ನಾಯಿ: ಜಾಕ್ ರಸೆಲ್ ಜೊತೆ ಹೊಂದಿಕೊಳ್ಳುವುದು ಹೇಗೆ?

ಕಲಬುರಗಿಯ ಗಂಜ್‌ನಲ್ಲಿ ನಮ್ಮ ಚಿಕ್ಕಪ್ಪನ ಅಡತಿ ಅಂಗಡಿ. ತೊಗರಿ ಚೀಲಗಳ ಸಾಲಿನ ಮುಂದೆ ನಮ್ಮ ಗೆಜ್ಜಿ ನಿಂತಿದ್ದಾಳೆ. ಬಾಲ ನೆಟ್ಟಗೆ, ಒಂದು ಮುಂಗಾಲು ಮೇಲೆ, ಮೂಗು ಎರಡು ಚೀಲಗಳ ಸಂದಿಯಲ್ಲಿ. ಮೈ ಸಣ್ಣಗೆ ನಡುಗುತ್ತಿದೆ. ಅದು ಹೆದರಿಕೆ ಅಲ್ಲ. ಒಳಗೆ ಇಲಿ ಇದೆ ಎಂದು ಅವಳಿಗೆ ಗೊತ್ತು. ಇಪ್ಪತ್ತು ನಿಮಿಷ ಹಾಗೇ ನಿಂತಳು.

ಗೆಜ್ಜಿ ಜಾಕ್ ರಸೆಲ್ ಟೆರಿಯರ್. ಎತ್ತರ 25ರಿಂದ 30 ಸೆಂಟಿಮೀಟರ್, ತೂಕ ಐದಾರು ಕಿಲೋ, ಅಷ್ಟೇ. ಸಣ್ಣ ನಾಯಿ, ಮನೆಯ ಮೂಲೆಯಲ್ಲಿ ಸುಮ್ನೆ ಬಿದ್ದಿರುತ್ತದೆ ಎಂದುಕೊಂಡು ಮನೆಗೆ ತಂದವರು ಆಮೇಲೆ ಒದ್ದಾಡುತ್ತಾರೆ. ನಾನೂ ಮೊದಲ ಎರಡು ತಿಂಗಳು ಒದ್ದಾಡಿದೆ. ಇದು ಕೆಲಸಕ್ಕೆಂದೇ ಹುಟ್ಟಿದ ತಳಿ. ನೀವು ಕೆಲಸ ಕೊಡದಿದ್ದರೆ ತಾನೇ ಹುಡುಕಿಕೊಳ್ಳುತ್ತದೆ. ನಿಮ್ಮ ಗಾದಿಯ ಹತ್ತಿಯಲ್ಲಿ ಹುಡುಕುತ್ತದೆ.

ಮೊದಲು ಅದರ ಕಥೆ ತಿಳಿಯಿರಿ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದ ಪಾದ್ರಿ ಜಾನ್ (ಜಾಕ್) ರಸೆಲ್‌ಗೆ ನರಿ ಬೇಟೆಯ ಹುಚ್ಚು. 1819ರಲ್ಲಿ, ಆಕ್ಸ್‌ಫರ್ಡ್‌ನಲ್ಲಿ ಓದುತ್ತಿದ್ದಾಗ, ಹಾಲು ಮಾರುವವನೊಬ್ಬನ ಹತ್ತಿರ ಟ್ರಂಪ್ ಎಂಬ ಬಿಳಿ ಹೆಣ್ಣು ನಾಯಿಯನ್ನು ಕೊಂಡರು. ಈ ತಳಿಯ ಕಥೆ ಅಲ್ಲಿಂದಲೇ ಶುರು. ಬಿಲದೊಳಗೆ ನುಗ್ಗುವುದು, ನರಿಯ ಎದುರು ನಿಂತು ಬೊಗಳುವುದು, ಅದನ್ನು ಹೊರಗೆ ಓಡಿಸುವುದು ಈ ನಾಯಿಗಳ ಕೆಲಸವಾಗಿತ್ತು. ಕೊಲ್ಲುವುದು ಅಲ್ಲ. ನೆಲದಡಿಯಿಂದ ಬರುವ ಬೊಗಳು ಕೇಳಿಯೇ ಮೇಲಿದ್ದವರಿಗೆ ನಾಯಿ ಎಲ್ಲಿದೆ ಎಂದು ತಿಳಿಯುತ್ತಿತ್ತು. ಮೈ ಹೆಚ್ಚು ಬಿಳಿ ಇರಬೇಕೆಂದು ಬಯಸಿದ್ದೂ ಇದಕ್ಕೇ. ಗಡಿಬಿಡಿಯಲ್ಲಿ ನಾಯಿಯನ್ನೇ ನರಿ ಅಂದುಕೊಳ್ಳಬಾರದಲ್ವಾ?

ಇಷ್ಟು ಗೊತ್ತಾದರೆ ಅರ್ಧ ದೂರು ಕರಗುತ್ತದೆ. ಅಗೆಯುವುದು, ಜಾಸ್ತಿ ಬೊಗಳುವುದು, ತನಗಿಂತ ದೊಡ್ಡ ಬೀದಿನಾಯಿಯ ಮುಂದೆ ಹಿಂದೆ ಸರಿಯದಿರುವುದು ಕೆಟ್ಟ ಬುದ್ಧಿ ಅಲ್ಲ, ಹುಟ್ಟುಗುಣ.

ಮರಿ ನೋಡುವಾಗ

ತಾಯಿಯನ್ನು ನೋಡದೆ ಮರಿ ತರಬೇಡಿ. ಎಂಟು ವಾರ ತುಂಬುವ ಮುಂಚೆಯಂತೂ ಬೇಡವೇ ಬೇಡ. ಬೆಳೆದ ನಾಯಿಯ ಮುಂಗಾಲಿನ ಹಿಂದೆ ಎದೆಯನ್ನು ಎರಡೂ ಕೈಯಿಂದ ಸುತ್ತಿ ಹಿಡಿಯಿರಿ. ಬೆರಳುಗಳು ಒಂದಕ್ಕೊಂದು ತಾಗಬೇಕು. ಬಿಲದಲ್ಲಿ ತೂರುವ ನಾಯಿಗೆ ಎದೆ ಅಷ್ಟೇ ಇರಬೇಕು. ಈ ತಳಿಯಲ್ಲಿ ಹುಟ್ಟು ಕಿವುಡು ಮತ್ತು ಕಣ್ಣಿನ ಮಸೂರ ಜಾರುವ ರೋಗ ಕಾಣುವುದುಂಟು. ಮರಿಯ ಬೆನ್ನ ಹಿಂದೆ ನಿಂತು ಕೀಲಿಕೈ ಗೊಂಚಲು ಅಲ್ಲಾಡಿಸಿ, ತಿರುಗುತ್ತದೆಯೇ ನೋಡಿ. ಕಣ್ಣನ್ನು ಡಾಕ್ಟರಿಗೇ ತೋರಿಸಿ.

ಮೂಗಿಗೆ ಕೆಲಸ ಕೊಡಿ

ಮೂರು ಸ್ಟೀಲ್ ಬಟ್ಟಲು ಬೋರಲು ಹಾಕಿ. ನಾಯಿ ನೋಡುತ್ತಿರುವಾಗಲೇ ಒಂದರ ಕೆಳಗೆ ಜೋಳದ ರೊಟ್ಟಿಯ ಚೂರು ಇಡಿ. ಸರಿಯಾದ ಬಟ್ಟಲನ್ನು ಮೂಗಿನಿಂದ ತಳ್ಳಿದರೆ ಚೂರು ಅದಕ್ಕೇ. ಎರಡು ದಿನ ಬಿಟ್ಟು, ಕಾಣದಂತೆ ಇಡಿ. ಮುಂದಿನ ವಾರ ಬೇರೆ ಕೋಣೆಯಲ್ಲಿ, ಮಡಚಿದ ಚಾದರದೊಳಗೆ. ದಿನಕ್ಕೆರಡು ಸಲ, ಹತ್ತು ಹತ್ತು ನಿಮಿಷ ಸಾಕು. ಅರ್ಧ ಗಂಟೆ ಓಡಿಸಿದರೂ ದಣಿಯದ ಗೆಜ್ಜಿ ಈ ಆಟ ಮುಗಿದರೆ ಫರಸಿ ಕಲ್ಲಿನ ಮೇಲೆ ಕಾಲು ಚಾಚಿ ಮಲಗುತ್ತಾಳೆ. ಬರೀ ಒಣ ರೊಟ್ಟಿಯನ್ನೇ ಇಡಿ. ಉಳ್ಳಾಗಡ್ಡಿ, ಬಳ್ಳೊಳ್ಳಿ ಹತ್ತಿದ್ದು ನಾಯಿಗೆ ವಿಷ.

ಅಗೆಯುವ ಚಟಕ್ಕೆ ಹಳೆಯ ಪ್ಲಾಸ್ಟಿಕ್ ಟಬ್ಬಿನಲ್ಲಿ ಅರ್ಧ ಮರಳು ತುಂಬಿ, ಒಳಗೆ ಚೆಂಡು ಹೂಳಿ. ಅಂಗಳದಲ್ಲಿ ಅಗೆದರೆ ಬಯ್ಯಬೇಡಿ. ಎತ್ತಿ ಟಬ್ಬಿನಲ್ಲಿ ಬಿಡಿ. ಹತ್ತು ದಿನಕ್ಕೆ ಜಾಗ ಕಲಿಯುತ್ತದೆ.

ಬಿಸಿಲು

ನಮ್ಮ ಮೇ ತಿಂಗಳು ಗೊತ್ತಲ್ಲ, 42 ಡಿಗ್ರಿ ದಾಟುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಯ ಮೇಲೆ ಐದು ಸೆಕೆಂಡ್ ಇಟ್ಟು ನೋಡಿ. ತಾಳಲಾಗದಿದ್ದರೆ ನಾಯಿಯ ಪಾದವೂ ತಾಳದು. ಬೆಳಿಗ್ಗೆ ಆರೂವರೆ ಒಳಗೆ ತಿರುಗಾಡಿಸಿ ಮನೆ ಸೇರಿ. ಈ ತಳಿ ತಾನಾಗಿ ಆಟ ನಿಲ್ಲಿಸುವುದಿಲ್ಲ, ನೀವೇ ನಿಲ್ಲಿಸಬೇಕು. ಜೋರಾಗಿ ಏದುತ್ತಿದ್ದು, ಜೊಲ್ಲು ದಪ್ಪಗಾಗಿ, ವಸಡು ಕಡುಗೆಂಪಾದರೆ ನೆರಳಿಗೆ ತನ್ನಿ, ಮೈಮೇಲೆ ನಲ್ಲಿ ನೀರು ಹಾಕಿ, ಫ್ಯಾನ್ ಹಚ್ಚಿ. ಹಾಗೇ ಆಸ್ಪತ್ರೆಗೆ ಓಡಿ. ರಸ್ತೆ ಬದಿಯಲ್ಲಿ ಬೆಲ್ಟ್ ಬಿಚ್ಚಲೇಬೇಡಿ. ಅಳಿಲು ಕಂಡರೆ ಎಷ್ಟು ಕರೆದರೂ ಕಿವಿಗೆ ಬೀಳುವುದಿಲ್ಲ.

ಇಲಿಯ ವಿಚಾರ

ಇಲಿ ಹಿಡಿಯುವ ನಾಯಿಗೆ ಇಲಿಜ್ವರದ ಲಸಿಕೆಯೂ ಬೇಕು. ಅದು ಇಲಿಯ ಮೂತ್ರದಿಂದ ನಾಯಿಗೂ ಬರುತ್ತದೆ, ಮನುಷ್ಯರಿಗೂ ಬರುತ್ತದೆ. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ಡಾಕ್ಟರು ಹೇಳಿದ ಹಾಗೆ. ಉಣ್ಣೆ ಹುಳ ಹತ್ತಿದೆಯೇ ಎಂದು ಕಿವಿಯೊಳಗೆ, ಬೆರಳ ಸಂದಿಯಲ್ಲಿ ದಿನಾ ನೋಡಿ. ದೊಡ್ಡ ತೊಂದರೆ ಇದ್ದರೆ ಬೀದರ್‌ನಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.

ಮನೆಯಲ್ಲಾಗಲಿ, ಗೋದಾಮಿನಲ್ಲಾಗಲಿ ಇಲಿ ಪಾಷಾಣ ಇಡಬೇಡಿ. ಅಕ್ಕಪಕ್ಕದ ಅಂಗಡಿಯವರನ್ನೂ ಕೇಳಿಕೊಳ್ಳಿ. ನಾನು ಚಿಕ್ಕಪ್ಪನ ಕೈಕಾಲು ಹಿಡಿದು ಅಂಗಡಿಯಲ್ಲಿ ಬೋನು ಇಡಿಸಿದೆ. ಪಾಷಾಣ ತಿಂದ ಇಲಿಯನ್ನು ನಾಯಿ ಕಚ್ಚಿದರೂ ಅಪಾಯ. ಅನುಮಾನ ಬಂದರೆ ವಾಂತಿಯಾಗಲಿ ಎಂದು ಕಾಯಬೇಡಿ, ನೀವೇ ಉಪ್ಪುನೀರು ಕುಡಿಸಲೂ ಹೋಗಬೇಡಿ. ಪಾಷಾಣದ ಪೊಟ್ಟಣ ಸಿಕ್ಕರೆ ಅದನ್ನೂ ಜೇಬಿಗೆ ಹಾಕಿಕೊಂಡು ಡಾಕ್ಟರ ಹತ್ತಿರ ಓಡಿ. ಯಾವ ಪಾಷಾಣ ಎಂದು ತಿಳಿದರೆ ಅವರು ಕೂಡಲೇ ಮದ್ದು ಶುರು ಮಾಡಬಹುದು.