ಟೊಲುಯೀನ್ ಗಾಳಿಗೆ ಯುವಿ ಪೆಟ್ಟಿಗೆ: ಕಟ್ಟುವುದು, ಪರೀಕ್ಷಿಸುವುದು

ಸ್ಕ್ರೀನ್ ಪ್ರಿಂಟಿಂಗ್ ಕೋಣೆಯ ಎಕ್ಸಾಸ್ಟ್‌ನಲ್ಲಿ ಇಂಕಿನ ದ್ರಾವಕವಾದ ಟೊಲುಯೀನ್ ಹತ್ತಿಪ್ಪತ್ತು ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗಕ್ಕೆ ಇಷ್ಟು ಭಾಗ) ಇದ್ದರೆ, ಅದನ್ನು ಅತಿನೇರಳೆ (ಯುವಿ) ದೀಪದಿಂದ ಒಡೆಯುವ ಈ ಪೆಟ್ಟಿಗೆ ಸಾಕು. ನೂರಾರು ಪಿಪಿಎಂ ಇದ್ದರೆ ಆವಿಯನ್ನು ಹಿಡಿದಿಟ್ಟುಕೊಳ್ಳುವ ಆಕ್ಟಿವೇಟೆಡ್ ಕಾರ್ಬನ್ನೇ ಸರಿ. ಟ್ರೈಕ್ಲೋರೋಎಥಿಲೀನ್‌ನಂಥ ಕ್ಲೋರಿನ್ ದ್ರಾವಕ ಬಳಸುವ ಕಡೆ ಈ ಪೆಟ್ಟಿಗೆ ಬೇಡವೇ ಬೇಡ. ಅದು ಒಡೆಯುವಾಗ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ.

ಹೆಚ್ಚಿನವರು ಎಡವುವುದು ದೀಪ ಕೊಳ್ಳುವಾಗ. ‘ಓಝೋನ್ ರಹಿತ’ ದೀಪದ ಗಾಜು 185 ನ್ಯಾನೋಮೀಟರ್ ಕಿರಣವನ್ನು ಹೊರಗೆ ಬಿಡುವುದಿಲ್ಲ. ಇಲ್ಲಿ ಬೇಕಾದದ್ದೇ ಆ ಕಿರಣ. ಶುದ್ಧ ಸಿಂಥೆಟಿಕ್ ಕ್ವಾರ್ಟ್ಜ್‌ನ ದೀಪವನ್ನೇ ಕೇಳಿ. 185ರ ಕಿರಣ ಆಮ್ಲಜನಕವನ್ನು ಸೀಳಿ ಓಝೋನ್ ಮಾಡುತ್ತದೆ. ಅದೇ ದೀಪದ 254ರ ಕಿರಣ ಆ ಓಝೋನನ್ನು ಒಡೆಯುತ್ತದೆ, ನೀರಾವಿ ಸೇರಿ, ಬೇರೆ ಅಣುಗಳ ಮೇಲೆ ಥಟ್ಟನೆ ಎರಗುವ ಹೈಡ್ರಾಕ್ಸಿಲ್ ರ‍್ಯಾಡಿಕಲ್ ಆಗುತ್ತದೆ. ಬರೀ ಓಝೋನ್ ಟೊಲುಯೀನನ್ನು ಹೆಚ್ಚುಕಡಿಮೆ ಮುಟ್ಟುವುದೇ ಇಲ್ಲ, ಒಡೆಯುವುದು ಈ ರ‍್ಯಾಡಿಕಲ್. ಗಾಳಿ ತೀರ ಒಣಗಿದ್ದರೆ ಕೆಲಸ ಕುಂಠಿತವಾಗುವುದು ಇದಕ್ಕೇ, ಆರ್ದ್ರತೆ ಶೇ. 40ರಿಂದ 60 ಇರಲಿ.

ಗಂಟೆಗೆ 1,000 ಘನ ಮೀಟರ್ ಗಾಳಿ ಪೆಟ್ಟಿಗೆಯೊಳಗೆ 2 ಸೆಕೆಂಡ್ ಇರಬೇಕಾದರೆ 0.56 ಘನ ಮೀಟರ್ ಜಾಗ ಬೇಕು: 60×60 ಸೆಂ.ಮೀ. ಅಡ್ಡಕೊಯ್ತ, ಸುಮಾರು 1.55 ಮೀ. ಉದ್ದ. 304 ಸ್ಟೇನ್‌ಲೆಸ್ ತಗಡು, ಟೆಫ್ಲಾನ್ ಗ್ಯಾಸ್ಕೆಟ್ ಹಾಕಿ; ಸಾಮಾನ್ಯ ರಬ್ಬರ್ ಓಝೋನ್‌ಗೆ ಬಿರಿಯುತ್ತದೆ. ಮೊದಲು ಧೂಳಿನ ಫಿಲ್ಟರ್, ಆಮೇಲೆ ದೀಪಗಳು, ನಂತರ ಓಝೋನ್ ಒಡೆಯುವ ಮ್ಯಾಂಗನೀಸ್ ಡೈಆಕ್ಸೈಡ್ ಹಾಸು, ಕೊನೆಗೆ ಫ್ಯಾನ್. ಫ್ಯಾನ್ ಕೊನೆಯಲ್ಲಿದ್ದರೆ ಸಂದುಗಳಿಂದ ಗಾಳಿ ಒಳಗೆ ಎಳೆದುಕೊಳ್ಳುತ್ತದೆಯೇ ಹೊರತು ಓಝೋನ್ ಕೋಣೆಗೆ ಸೋರುವುದಿಲ್ಲ. ದೀಪದ ವಿದ್ಯುತ್ ನಿಯಂತ್ರಿಸುವ ಬ್ಯಾಲಸ್ಟ್ ಈ ಪೆಟ್ಟಿಗೆಯ ಹೊರಗಿರಲಿ. ಬಾಗಿಲು ತೆರೆದರೂ ಫ್ಯಾನ್ ನಿಂತರೂ ದೀಪ ತಾನಾಗಿ ಆರುವಂತೆ ಇಂಟರ್‌ಲಾಕ್ ಕೂಡಿಸಿ. ಈ ದೀಪಗಳ ಕಿರಣವಾದ ಯುವಿ-ಸಿ ಕಣ್ಣು ಸುಡುತ್ತದೆ.

ಇನ್ನು ಪರೀಕ್ಷೆ. ಆವಿಯನ್ನು ಯುವಿ ದೀಪದಿಂದ ಅಯಾನೀಕರಿಸಿ ಅಳೆಯುವ ಪಿಐಡಿ ಮೀಟರ್ ಸೊನ್ನೆಗೆ ಇಳಿಯಿತೆಂದು ನಂಬಿ ಕೂರಬೇಡಿ. ಅರ್ಧಂಬರ್ಧ ಒಡೆದ ಟೊಲುಯೀನ್ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ಅನಿಲ ಬಿಡಬಹುದು. ಅದನ್ನು ಅಯಾನೀಕರಿಸಲು ಸುಮಾರು 10.9 ಎಲೆಕ್ಟ್ರಾನ್‌ವೋಲ್ಟ್ ಬೇಕು, ಮೀಟರಿನಲ್ಲಿ ಸಾಮಾನ್ಯವಾಗಿ ಇರುವುದು 10.6ರ ದೀಪ. ಅಂದರೆ ಮೀಟರಿಗೆ ಅದು ಕಾಣುವುದೇ ಇಲ್ಲ. ಡಿಎನ್‌ಪಿಎಚ್ ಕಾರ್ಟ್ರಿಜ್‌ನಲ್ಲಿ (ಫಾರ್ಮಾಲ್ಡಿಹೈಡ್ ಹಿಡಿದಿಡುವ ರಾಸಾಯನಿಕ ತುಂಬಿದ ಕೊಳವೆ) ಮಾದರಿ ಹಿಡಿದು ಲ್ಯಾಬಿಗೆ ಕಳಿಸಿ. ಓಝೋನ್ ಫಲಿತಾಂಶ ಕೆಡಿಸದಂತೆ ಗಾಳಿ ಕಾರ್ಟ್ರಿಜ್ ಸೇರುವ ಮೊದಲು ಹಾಯುವಂತೆ ಪೊಟಾಸಿಯಂ ಅಯೊಡೈಡ್ ಕೊಳವೆ ಇರಲಿ. ಫಾರ್ಮಾಲ್ಡಿಹೈಡ್ ಸಿಕ್ಕರೆ ಗಾಳಿಯ ವೇಗ ತಗ್ಗಿಸಿ ಇಲ್ಲವೇ ದೀಪ ಹೆಚ್ಚಿಸಿ. ಕೋಣೆಯಲ್ಲಿ ಓಝೋನ್ 0.1 ಪಿಪಿಎಂ ದಾಟಬಾರದು.

ದೀಪವನ್ನು ಹತ್ತಿ ಗ್ಲೌಸ್ ತೊಟ್ಟು, ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ಒರೆಸಿದರೂ ಹೋಗದ ಬಿಳಿ ಪೊರೆ ಕಂಡರೆ ಇಂಕಿನಲ್ಲಿ ಸಿಲಿಕೋನ್ ಇದೆಯೇ ನೋಡಿ. ಅದರ ಆವಿ ಗಾಜಿನ ಮೇಲೆ ಸಿಲಿಕಾ ಆಗಿ ಕೂರುತ್ತದೆ. ನೀಲಿ ಬೆಳಕು ಚೆನ್ನಾಗಿದೆ ಎಂದು ಹಳೆ ದೀಪವನ್ನೇ ಉಳಿಸಿಕೊಳ್ಳಬೇಡಿ. 185ರ ಕಿರಣ ಕಣ್ಣಿಗೂ ಕಾಣದು, 254ರ ಮೀಟರಿಗೂ ಸಿಗದು. ಸುಮಾರು 8,000 ಗಂಟೆಗೆ ಬದಲಿಸಿ.